ತಪ್ಪು ಉತ್ತರವನ್ನೂ ಓದಬೇಕು

5, 8, 9 ಮತ್ತು 11ನೆಯ ಇಯತ್ತೆಯ ಮಕ್ಕಳಿಗೆ ಬೋರ್ಡಿನ ಪರೀಕ್ಷೆ ಇಡಬೇಕೋ ಬೇಡವೋ ಎಂಬ ವ್ಯಾಜ್ಯ 2024ರಲ್ಲಿ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮಾರ್ಚ್ 6ರಂದು ಏಕಸದಸ್ಯ ಪೀಠ ಪರೀಕ್ಷೆಯನ್ನು ರದ್ದು ಮಾಡಿತು. ಮರುದಿನವೇ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಕೊಟ್ಟಿತು. 11ರಂದು ಸುರುವಾದ ಪರೀಕ್ಷೆ ನಡುವೆ ನಿಂತು, ಮತ್ತೆ ನಡೆದು, ಕೊನೆಗೆ ಏಪ್ರಿಲ್ 8ರಂದು ಸುಪ್ರೀಂ ಕೋರ್ಟು ಫಲಿತಾಂಶಕ್ಕೇ ತಡೆ ಹಾಕಿತು. ಬೇಕೆಂದವರೂ ಬೇಡವೆಂದವರೂ ಬಹಳ ಮಾತಾಡಿದರು. ಪ್ರಶ್ನೆಪತ್ರಿಕೆಯಲ್ಲಿ ಏನಿರಬೇಕು, ಮಗು ಬರೆದದ್ದನ್ನು ಓದಿ ಮಾಸ್ತರರು ಏನು ತಿಳಿಯಬೇಕು ಎಂಬ ಮಾತು ಮಾತ್ರ ನಮ್ಮ ಕಿವಿಗೆ ಬೀಳಲಿಲ್ಲ.

ಒಂದು ಲೆಕ್ಕ ತೆಗೆದುಕೊಳ್ಳಿರಿ. 52ರಲ್ಲಿ 27 ಕಳೆದರೆ 25. ಒಬ್ಬ ಹುಡುಗ 35 ಎಂದು ಬರೆಯುತ್ತಾನೆ, ಒಬ್ಬ ಹುಡುಗಿ 79 ಎಂದು ಬರೆಯುತ್ತಾಳೆ, ಮೂರನೆಯವನು ಖಾಲಿ ಬಿಡುತ್ತಾನೆ. ಮೂವರಿಗೂ ಸೊನ್ನೆ. ಮೂವರ ತೊಡಕೂ ಬೇರೆ ಬೇರೆ. ಮೊದಲಿನವನು 2ರಲ್ಲಿ 7 ಹೋಗದೆಂದು 7ರಲ್ಲಿಯೇ 2 ಕಳೆದಿದ್ದಾನೆ. ಅವನ ಮುಂದೆ ಹತ್ತು ಕಡ್ಡಿಯ ಕಟ್ಟು ಬಿಚ್ಚಿ ತೋರಿಸಬೇಕು. ಹುಡುಗಿ ಕೂಡಿಸಿಬಿಟ್ಟಿದ್ದಾಳೆ, ಚಿಹ್ನೆ ನೋಡಲಿಲ್ಲವೋ, ‘ಕಳೆ’ ಎಂಬ ಮಾತೇ ತಿಳಿಯಲಿಲ್ಲವೋ. ಖಾಲಿ ಬಿಟ್ಟವನನ್ನು ಹತ್ತಿರ ಕುಳ್ಳಿರಿಸಿ ಬಾಯಿಂದ ಕೇಳಿದರೆ ಮಾತ್ರ ಗೊತ್ತಾದೀತು. ಪ್ರಶ್ನೆ ಬರೆಯುವವರು ಯಾವ ತಪ್ಪು ಉತ್ತರ ಏನು ಹೇಳುತ್ತದೆಂದು ಮೊದಲೇ ಯೋಚಿಸಿರಬೇಕು. ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸೆನ್ನುವ ಪ್ರಶ್ನೆಯಾದರೆ, ಆ ನಾಲ್ಕರಲ್ಲಿ 35 ಇರಲೇಬೇಕು. ಅದರ ಬದಲು 400 ಎಂದು ಬರೆದಿಟ್ಟರೆ ಯಾರಿಗೆ ಪ್ರಯೋಜನ?

ಪ್ರಶ್ನೆಯ ಭಾಷೆಯೂ ಹಾಗೆಯೇ. ಮನೆಯಲ್ಲಿ ಲಂಬಾಣಿ ಇಲ್ಲವೆ ಉರ್ದು ಆಡುವ ಮಗುವಿಗೆ ಗ್ರಾಂಥಿಕ ಕನ್ನಡದಲ್ಲಿ ಲೆಕ್ಕ ಕೊಟ್ಟರೆ ಅದು ಕನ್ನಡದ ಪರೀಕ್ಷೆಯಾಯಿತು. ಬ್ಯಾಡಗಿಯಲ್ಲಿ ತಾಯಿಯ ಜೊತೆ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಕೂಡುವ ಹುಡುಗಿ ಎಷ್ಟು ಕಿಲೋಕ್ಕೆ ಎಷ್ಟು ಕೂಲಿಯೆಂದು ಬಾಯಿಲೆಕ್ಕ ಮಾಡಬಲ್ಲಳು. ಅದೇ ಲೆಕ್ಕ ಕಾಗದದ ಮೇಲೆ ಅವಳಿಗೆ ಗುರುತು ಸಿಗದಿರಬಹುದು. ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಹತ್ತು ಮಕ್ಕಳ ಮುಂದಿಟ್ಟು ನೋಡಲು ಎಷ್ಟು ಖರ್ಚು ಬಂದೀತು?

ಇನ್ನು ಇಡೀ ಜಿಲ್ಲೆಯ ಸ್ಥಿತಿ ತಿಳಿಯಲು ಪ್ರತಿ ಮಗುವನ್ನೂ ಪರೀಕ್ಷೆಗೆ ಕೂಡಿಸಬೇಕಿಲ್ಲ. ಬ್ಯಾಡಗಿಯ ವ್ಯಾಪಾರಿ ಚೀಲದ ಬಾಯಿ ನೋಡಿ ದರ ಹೇಳನು, ಒಂದೊಂದು ಕಾಯಿಯನ್ನೂ ಎಣಿಸನು. ಒಳಗೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾನೆ. ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತ ಬಂದ ‘ಅಸರ್’ ಸಮೀಕ್ಷೆಯೂ ಇದೇ ರೀತಿಯದು: ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ, ಮಗುವನ್ನು ಮನೆಯಲ್ಲಿಯೇ ಒಬ್ಬೊಬ್ಬರಾಗಿ ಕೂಡಿಸಿ ಅಕ್ಷರ, ಶಬ್ದ, ಸಣ್ಣ ಪರಿಚ್ಛೇದ, ಎರಡನೆಯ ಇಯತ್ತೆಯ ಕಥೆ ಓದಿಸುವುದು. ಶಾಲೆ ಬಿಟ್ಟ ಮಗುವೂ ಲೆಕ್ಕಕ್ಕೆ ಬರುತ್ತದೆ. ಆದರೆ ಅದು ಹಳ್ಳಿಗಳ ಸಮೀಕ್ಷೆ. ರಾಣೆಬೆನ್ನೂರಿನ ಓಣಿಗಳಲ್ಲಿರುವ ಗಿರಣಿ ಕಾರ್ಮಿಕರ ಮಕ್ಕಳು ಅದರಲ್ಲಿ ಇಲ್ಲ. ಅವರನ್ನು ಎಣಿಸುವವರು ಯಾರು?

ಅಂಕಿಗೆ ಶಿಕ್ಷೆಯನ್ನು ಕಟ್ಟಿದರೆ ಏನಾಗುತ್ತದೆಂಬುದನ್ನು ಎಸ್‌.ಎಸ್‌.ಎಲ್‌.ಸಿ. ತೋರಿಸಿದೆ. 2023ರಲ್ಲಿ ಪಾಸಾದವರು ಶೇಕಡಾ 83.89. ಮರುವರ್ಷ ಪರೀಕ್ಷೆಯ ಕೋಣೆಗಳಿಗೆ ಕ್ಯಾಮರಾ ಬಂತು. ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ ಮೇಲೂ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾದರೇ? ಫಲಿತಾಂಶ ಕಡಿಮೆಯಾದರೆ ನೋಟೀಸು ಎಂದ ಕೂಡಲೇ ತಕ್ಕಡಿಯನ್ನು ಎಲ್ಲರೂ ಒತ್ತುತ್ತಾರೆ. ಹಿಂದೆ ಮಾಸ್ತರಿಕೆ ಮಾಡಿದ ನಮಗೆ ಇದು ಹೊಸ ಸುದ್ದಿಯಲ್ಲ. ಕಲಿಕೆಯನ್ನು ಅಳೆಯುವ ಪರೀಕ್ಷೆಗೂ ನೋಟೀಸಿಗೂ ಸಂಬಂಧವಿರಕೂಡದು.

ಶಾಲಾಭಿವೃದ್ಧಿ ಸಮಿತಿಯಲ್ಲಿ ಪಾಲಕರಾದ ನಿಮಗೆ ಜಾಗ ಉಂಟು. ಮುಂದಿನ ಸಭೆಯಲ್ಲಿ ಅಂಕಪಟ್ಟಿಯ ಜೊತೆಗೆ ಉತ್ತರಪತ್ರಿಕೆಗಳನ್ನೂ ತರಿಸಿರಿ. 35 ಎಂದು ಬರೆದ ಹುಡುಗನಿಗೆ ಮರುವಾರ ಏನು ಕಲಿಸಿದಿರೆಂದು ಕೇಳಿರಿ. ಒಬ್ಬರೇ ಮಾಸ್ತರರ ಕೊರಳಿಗೆ ಮೂರು ವರ್ಗ ಕಟ್ಟಿದ ಶಾಲೆಯಾದರೆ, ಆ ಪ್ರಶ್ನೆಯನ್ನು ಅವರಿಗೆ ಹಾಕದೆ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಗೆ ಹತ್ತು ಜನ ಕೂಡಿ ಹೋಗಿ ಕೇಳಿರಿ.