ಗಾಜಿನ ಪೆಟ್ಟಿಗೆಯಿಂದ ಮನೆಗೆ ಬಂದ ಕೂಸು: 30 ದಿನದೊಳಗೆ ಕಣ್ಣು ತೋರಿಸಿದ್ರಾ?

"ಏಳೂವರೆ ತಿಂಗಳಿಗೇ ಹೆರಿಗೆ ಆಯ್ತು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ರು, ಈಗ ಚೆನ್ನಾಗಿದೆ ಬಿಡಿ." ನಮ್ಮ ತಾಲೂಕಿನ ಯಾವ ಬೀದಿಗೆ ಹೋದರೂ ಈ ಮಾತು ಕೇಳಿಸುತ್ತೆ. ಹಿಂದೆ ಇಂಥ ಕೂಸು ಉಳಿಯೋದೇ ಕಷ್ಟವಿತ್ತು. ಈಗ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕಗಳು ಉಳಿಸಿ ಕಳಿಸುತ್ತಿವೆ. ಆದರೆ ಜೀವ ಉಳಿದ ಮೇಲೆ ಕಣ್ಣು ಉಳಿಸುವ ಕೆಲಸ ಬಾಕಿ ಇರುತ್ತೆ. ಅದು ಕೈತಪ್ಪುವುದು ಹೆಚ್ಚಾಗಿ ಡಿಸ್ಚಾರ್ಜ್ ಆದ ಮೇಲೆ.

ಏನಿದು ಕಾಯಿಲೆ?

ಕಣ್ಣಿನ ಹಿಂಭಾಗದ ಅಕ್ಷಿಪಟಲದ ರಕ್ತನಾಳಗಳು ಪೂರ್ತಿ ಬೆಳೆಯುವುದು ಒಂಬತ್ತು ತಿಂಗಳು ತುಂಬುವ ಹೊತ್ತಿಗೆ. ಮೊದಲೇ ಹುಟ್ಟಿದ ಮಗುವಿನಲ್ಲಿ ಆ ಬೆಳವಣಿಗೆ ಅರ್ಧಕ್ಕೇ ನಿಂತಿರುತ್ತೆ. ಆಮೇಲೆ ನಾಳಗಳು ಅಡ್ಡಾದಿಡ್ಡಿ ಬೆಳೆದು ಅಕ್ಷಿಪಟಲವನ್ನೇ ಎಳೆದು ಕಿತ್ತುಹಾಕಬಹುದು. ಆಮ್ಲಜನಕ ಅಳತೆ ತಪ್ಪಿದರೆ ಅಪಾಯ ಇನ್ನೂ ಹೆಚ್ಚು. ಇದಕ್ಕೆ ಆರ್‌ಒಪಿ ಅಂತಾರೆ. ಹೊರಗಿಂದ ಕಣ್ಣು ಚೆನ್ನಾಗಿಯೇ ಕಾಣುತ್ತೆ. ಪಾಪೆ ಬೆಳ್ಳಗೆ ಕಾಣುವಷ್ಟರಲ್ಲಿ ಕಾಲ ಮಿಂಚಿರುತ್ತೆ.

34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2 ಕೆ.ಜಿ.ಗಿಂತ ಕಡಿಮೆ ತೂಕದ ಎಲ್ಲ ಮಕ್ಕಳಿಗೂ ಹುಟ್ಟಿದ 30 ದಿನದೊಳಗೆ ಮೊದಲ ಪರೀಕ್ಷೆ ಆಗಲೇಬೇಕು. ತೀರಾ ಚಿಕ್ಕ ಕೂಸಾದರೆ ಎರಡು-ಮೂರು ವಾರದಲ್ಲೇ. ಕಾಯಿಲೆ ಬಲಿತಿದ್ದರೆ ಎರಡು-ಮೂರು ದಿನದೊಳಗೆ ಲೇಸರ್ ಅಥವಾ ಇಂಜೆಕ್ಷನ್ ಕೊಡಬೇಕಾಗುತ್ತೆ.

ಅಡ್ಡಿ ಎಲ್ಲಿ?

ತಾಲೂಕಿಗೊಬ್ಬ ಅಕ್ಷಿಪಟಲ ತಜ್ಞರು ಸಿಗಲ್ಲ, ನಿಜ. ಅದಕ್ಕೆ ದಾರಿ ತೋರಿಸಿದ್ದೂ ಕರ್ನಾಟಕವೇ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರು ಮಾಡಿದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹಿಡಿದು ಊರೂರಿನ ಆಸ್ಪತ್ರೆಗೆ ಹೋಗ್ತಾರೆ, ತಜ್ಞರು ದೂರದಿಂದಲೇ ಚಿತ್ರ ನೋಡಿ ಹೇಳ್ತಾರೆ. ಕೇಂದ್ರದ ಆರ್‌ಬಿಎಸ್‌ಕೆ ಪಟ್ಟಿಯಲ್ಲೂ ಈ ಕಾಯಿಲೆ ಇದೆ.

ಆದರೆ ಆ 30 ದಿನ ಬೀಳುವುದು ಸರಿಯಾಗಿ ಬಾಣಂತನದ ನಡುವೆ. ತಾಯಿ ತವರಿನಲ್ಲಿರ್ತಾಳೆ. "ತಿಂಗಳ ಕೂಸನ್ನ ಹೊರಗೆ ಕರ್ಕೊಂಡು ಹೋಗಬಾರದು, ದೃಷ್ಟಿಯಾಗುತ್ತೆ" ಅಂತಾರೆ ಹಿರಿಯರು. ಅಪ್ಪ ಅಂಗಡಿ ಬಾಗಿಲು ಹಾಕಬೇಕು, ಇಲ್ಲವೇ ಒಂದು ದಿನದ ಕೂಲಿ ಬಿಡಬೇಕು. ಒಮ್ಮೆ ತೋರಿಸಿದರೂ ಸಾಲದು, ನಾಳ ಪೂರ್ತಿ ಬೆಳೆಯುವವರೆಗೆ ವಾರಕ್ಕೋ ಹದಿನೈದು ದಿನಕ್ಕೋ ಮತ್ತೆ ಹೋಗಬೇಕು.

ಹೇಳದಿದ್ದರೆ ಆಸ್ಪತ್ರೆಯದೇ ಹೊಣೆ

1996ರಲ್ಲಿ ಚೆನ್ನೈನ ಸರ್ಕಾರಿ ಆಸ್ಪತ್ರೆಯಲ್ಲಿ 29 ವಾರಕ್ಕೆ ಹುಟ್ಟಿದ ಹೆಣ್ಣು ಕೂಸಿಗೆ ಈ ಪರೀಕ್ಷೆ ಮಾಡಲಿಲ್ಲ, ಹೆತ್ತವರಿಗೆ ಹೇಳಲೂ ಇಲ್ಲ. ಮಗುವಿನ ದೃಷ್ಟಿ ಹೋಯ್ತು. 2015ರಲ್ಲಿ ಸುಪ್ರೀಂ ಕೋರ್ಟ್ ಸುಮಾರು 1.8 ಕೋಟಿ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ದುಡ್ಡು ಬಂತು, ಕಣ್ಣು ಬರಲಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಹೊಸ ಕಟ್ಟಡವೇನೂ ಬೇಡ. ಆಶಾ ಕಾರ್ಯಕರ್ತೆ ನವಜಾತ ಶಿಶು ನೋಡಲು 28ನೇ ದಿನ ಮನೆಗೆ ಬರಲೇಬೇಕೆಂಬ ನಿಯಮ ಈಗಾಗಲೇ ಇದೆ. ಅಂದು "ಕಣ್ಣು ತೋರಿಸಿದ್ರಾ?" ಅಂತ ಒಂದು ಮಾತು ಕೇಳಿದರೂ ಎರಡು ದಿನ ಕೈಯಲ್ಲಿರುತ್ತೆ. ತೀರಾ ಚಿಕ್ಕ ಕೂಸಿದ್ದರೆ 14ನೇ ದಿನದ ಭೇಟಿಯಲ್ಲೇ ಕೇಳಬೇಕು. ಡಿಸ್ಚಾರ್ಜ್ ಚೀಟಿಯ ಮೇಲೆ ಕಣ್ಣಿನ ಪರೀಕ್ಷೆಯ ದಿನಾಂಕ, ಜಾಗ ಕನ್ನಡದಲ್ಲಿ ಬರೆದು ಕೊಡಬೇಕು. ತಾಲೂಕು ಆರೋಗ್ಯಾಧಿಕಾರಿ ಮನಸ್ಸು ಮಾಡಿದರೆ ಇದು ಒಂದು ಸಭೆಯಲ್ಲಿ ಮುಗಿಯುವ ಕೆಲಸ.

ನಿಮ್ಮ ಮನೆಯಲ್ಲೋ ಅಂಗಡಿ ಕೆಲಸದವರ ಮನೆಯಲ್ಲೋ ಇಂಥ ಕೂಸಿದ್ದರೆ ಇವತ್ತೇ ಚೀಟಿ ತೆಗೆದು ನೋಡಿ. ದಿನಾಂಕ ಇಲ್ಲದಿದ್ದರೆ ಆಸ್ಪತ್ರೆಗೆ ಹೋಗಿ ಕೇಳಿ. ಕೆಲಸದವರಿಗೆ ಅರ್ಧ ದಿನ ರಜೆ ಕೊಟ್ಟರೆ ಅಂಗಡಿಗೆ ದೊಡ್ಡ ನಷ್ಟವೇನೂ ಆಗಲ್ಲ.