ಹಾಲ್‌ನಲ್ಲಿ ನಡೆದರೆ ಎಷ್ಟು ಕ್ಯಾಲೊರಿ?

ಮಳೆಗಾಲ ಶುರುವಾದರೆ ಪುಣೆಯಲ್ಲಿ ನಮ್ಮ ವಾಕಿಂಗ್ ಮನೆಯೊಳಗೆ ಬಂದುಬಿಡುತ್ತದೆ. ದೆಹಲಿಯ ಗೆಳೆಯರಿಗೆ ನವೆಂಬರ್‌ನ ಹೊಗೆಮಂಜು ಕಾರಣ, ಚೆನ್ನೈನವರಿಗೆ ಮೇ ತಿಂಗಳ ಬಿಸಿಲು, ಮುಂಬೈನವರಿಗೆ ಕಾಲಿಡಲು ಜಾಗವಿಲ್ಲದ ಫುಟ್‌ಪಾತ್. ಪರಿಹಾರ ಮಾತ್ರ ಎಲ್ಲರದೂ ಒಂದೇ. ಹಾಲ್‌ನಿಂದ ಅಡುಗೆಮನೆಗೆ, ಅಲ್ಲಿಂದ ಬಾಲ್ಕನಿಗೆ ಓಡಾಟ, ಇಲ್ಲವೇ ಟಿವಿಯಲ್ಲಿ ವಿಡಿಯೊ ಹಾಕಿಕೊಂಡು ನಿಂತಲ್ಲೇ ಹೆಜ್ಜೆ. ಮುಗಿದ ಕೂಡಲೇ ಮಣಿಕಟ್ಟು ತಿರುಗಿಸಿ ಎಷ್ಟು ಕ್ಯಾಲೊರಿ ಸುಟ್ಟಿತು ಎಂದು ನೋಡುವುದು.

ಆ ಸಂಖ್ಯೆಗೆ ನಾವು ಅದರ ಯೋಗ್ಯತೆಗಿಂತ ಹೆಚ್ಚು ಮರ್ಯಾದೆ ಕೊಡುತ್ತಿದ್ದೇವೆ ಎಂಬುದು ನನ್ನ ವಾದ. ಅದು ಅಳತೆಯಲ್ಲ, ಅಂದಾಜು. ಸಾಫ್ಟ್‌ವೇರ್ ಕೆಲಸದವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ. 'ಸುಮಾರು ಮೂರು ದಿನ ಆಗಬಹುದು' ಎಂದು ನಾವು ಹೇಳಿದ್ದು ಮ್ಯಾನೇಜರ್ ಹಾಳೆಯಲ್ಲಿ 'ಗುರುವಾರ ಡೆಲಿವರಿ' ಆಗಿ ಕೂತಾಗ ಎಷ್ಟು ಕಸಿವಿಸಿಯಾಗುತ್ತದೆ! ವಾಚು ಹೇಳುವ 127 ಕ್ಯಾಲೊರಿಯದೂ ಅದೇ ಕಥೆ.

ದೇಹ ಬಳಸುವ ಶಕ್ತಿಯನ್ನು ನಿಜಕ್ಕೂ ಅಳೆಯಬೇಕಾದರೆ ಮುಖಕ್ಕೆ ಮಾಸ್ಕ್ ಹಾಕಿ, ಉಸಿರಿನಲ್ಲಿ ಎಷ್ಟು ಆಮ್ಲಜನಕ ಒಳಗೆ ಹೋಯಿತು, ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬಂತು ಎಂದು ಪ್ರಯೋಗಾಲಯದಲ್ಲಿ ನೋಡಬೇಕು. ವಾಚಿಗೆ ಗೊತ್ತಿರುವುದು ನಾವು ತುಂಬಿಸಿದ ತೂಕ, ಎತ್ತರ, ವಯಸ್ಸು, ಲಿಂಗ ಮತ್ತು ಕೈಯ ಅಲುಗಾಟ, ಹೃದಯಬಡಿತ ಇಷ್ಟೇ. ಇವುಗಳಿಂದ ಅದು ಒಂದು ಲೆಕ್ಕ ಕಟ್ಟುತ್ತದೆ. ಹೊರಗೆ ನಡೆದರೆ ಜಿಪಿಎಸ್‌ನಿಂದ ದೂರ, ವೇಗ ಸಿಗುತ್ತದೆ. ಇಪ್ಪತ್ತು ಅಡಿಯ ಹಾಲ್‌ನಲ್ಲಿ ಆ ಆಸರೆಯೂ ಇಲ್ಲ. ನಾಲ್ಕು ಹೆಜ್ಜೆಗೊಮ್ಮೆ ವೇಗ ಕಡಿಮೆ ಮಾಡಿ ತಿರುಗುತ್ತೇವೆ. ಕೈಯಲ್ಲಿ ಮಗು ಇದ್ದರೆ, ಫೋನ್ ಹಿಡಿದು ಮೀಟಿಂಗ್ ಕೇಳುತ್ತಿದ್ದರೆ, ಟ್ರೆಡ್‌ಮಿಲ್‌ನ ಹಿಡಿಕೆ ಹಿಡಿದಿದ್ದರೆ ಕೈ ಅಲುಗುವುದೇ ಇಲ್ಲ. ಎಷ್ಟೋ ಹೆಜ್ಜೆಗಳು ಲೆಕ್ಕದಿಂದ ಜಾರಿಹೋಗುತ್ತವೆ.

2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಮಣಿಕಟ್ಟಿಗೆ ಕಟ್ಟುವ 7 ಸಾಧನಗಳನ್ನು 60 ಮಂದಿಗೆ ತೊಡಿಸಿ ಪರೀಕ್ಷಿಸಿದ್ದರು. ಹೃದಯಬಡಿತದ ವಿಷಯದಲ್ಲಿ 6 ಸಾಧನಗಳ ತಪ್ಪು ಶೇ 5ಕ್ಕಿಂತ ಕಡಿಮೆ ಇತ್ತು. ಕ್ಯಾಲೊರಿಯ ವಿಷಯದಲ್ಲಿ ಎಲ್ಲಕ್ಕಿಂತ ಉತ್ತಮ ಸಾಧನವೂ ಸರಾಸರಿ ಶೇ 27ರಷ್ಟು ತಪ್ಪಿತ್ತು, ಎಲ್ಲಕ್ಕಿಂತ ಕೆಟ್ಟದ್ದು ಶೇ 93ರಷ್ಟು. ಆಮೇಲೆ ಹೊಸ ವಾಚುಗಳು ಬಂದಿವೆ, ಆದರೆ ಕೈಯ ಅಲುಗಾಟ ಮತ್ತು ನಾಡಿಯಿಂದ ಊಹಿಸುವ ವಿಧಾನ ಬದಲಾಗಿಲ್ಲ.

ಹಾಗಾದರೆ ನಾವೇ ಲೆಕ್ಕ ಹಾಕಬಹುದೇ? ಹಾಕಬಹುದು, ಕಷ್ಟವೇನಿಲ್ಲ. ವ್ಯಾಯಾಮ ವಿಜ್ಞಾನದಲ್ಲಿ 'ಮೆಟ್' ಎಂಬ ಅಳತೆಯಿದೆ. ಸುಮ್ಮನೆ ಕೂತಾಗ ದೇಹ ಬಳಸುವ ಶಕ್ತಿ 1 ಮೆಟ್, ಅಂದರೆ ಪ್ರತಿ ಕಿಲೊ ತೂಕಕ್ಕೆ ಗಂಟೆಗೆ ಸುಮಾರು 1 ಕ್ಯಾಲೊರಿ. ಮನೆಯೊಳಗಿನ ನಿಧಾನ ನಡಿಗೆ ಸುಮಾರು 2 ಮೆಟ್. ಗಂಟೆಗೆ 4.8 ಕಿ.ಮೀ. ವೇಗದ ಚುರುಕು ನಡಿಗೆ ಸುಮಾರು 3.3 ಮೆಟ್. ಮೆಟ್, ತೂಕ, ಗಂಟೆ ಈ ಮೂರನ್ನು ಗುಣಿಸಿದರೆ ಉತ್ತರ ಸಿಕ್ಕಿತು.

ನನ್ನ ತೂಕ 68 ಕಿಲೊ. ಅರ್ಧ ಗಂಟೆ ನಿಧಾನವಾಗಿ ಓಡಾಡಿದರೆ 68 ಕ್ಯಾಲೊರಿ, ಚುರುಕಾಗಿ ನಡೆದರೆ ಸುಮಾರು 112. ಇಲ್ಲಿ ಒಂದು ಕಳೆಯುವ ಲೆಕ್ಕವೂ ಇದೆ. ಆ ಅರ್ಧ ಗಂಟೆ ಸೋಫಾದಲ್ಲಿ ಕೂತಿದ್ದರೂ ದೇಹ 34 ಕ್ಯಾಲೊರಿ ಬಳಸುತ್ತಿತ್ತು. ಅದನ್ನು ಕಳೆದರೆ ನಡಿಗೆಯಿಂದ ಹೆಚ್ಚುವರಿಯಾಗಿ ಖರ್ಚಾದದ್ದು 34ರಿಂದ 78 ಕ್ಯಾಲೊರಿ ಮಾತ್ರ. ಕೆಲವು ಆ್ಯಪ್‌ಗಳು ಒಟ್ಟು ಸಂಖ್ಯೆಯನ್ನು ತೋರಿಸುತ್ತವೆ, ಕೆಲವು ಕಳೆದು ಉಳಿದದ್ದನ್ನು. ಯಾವುದು ಎಂದು ನೋಡದೆ ಗೆಳೆಯನ ವಾಚಿನ ಜೊತೆ ಹೋಲಿಸಿಕೊಂಡರೆ ಅರ್ಥವೇ ಇಲ್ಲ. ಈ ಲೆಕ್ಕವೂ ಅಂದಾಜೇ. ಆದರೆ ಇದು ಹೇಗೆ ಬಂತೆಂದು ನಮಗೆ ಗೊತ್ತಿದೆ, ಇದರಲ್ಲಿ ಹುಸಿ ನಿಖರತೆಯಿಲ್ಲ.

ಇಷ್ಟು ಗೊತ್ತಾದರೆ ತಟ್ಟೆಯ ಲೆಕ್ಕವೂ ತಿಳಿಯಾಗುತ್ತದೆ. ಒಂದು ದೊಡ್ಡ ಚಮಚ ಎಣ್ಣೆ ಅಥವಾ ತುಪ್ಪದಲ್ಲಿ ಸುಮಾರು 120 ಕ್ಯಾಲೊರಿ. ಹೋಳಿಗೆಯ ಮಾತು ಬಿಡಿ, ಅದರ ಮೇಲೆ ಸುರಿದುಕೊಂಡ ತುಪ್ಪಕ್ಕೇ ನನ್ನ ಅರ್ಧ ಗಂಟೆಯ ಚುರುಕು ನಡಿಗೆ ಸಾಲದು. 'ಇವತ್ತು ಇನ್ನೂರು ಸುಟ್ಟಿದ್ದೇನೆ, ಒಂದು ವಡಾಪಾವ್ ತಿಂದರೆ ತಪ್ಪೇನು' ಎನ್ನುವ ವ್ಯಾಪಾರದಲ್ಲಿ ನಷ್ಟ ನಮಗೇ. ತಿನ್ನಬೇಡಿ ಎನ್ನುತ್ತಿಲ್ಲ. ಹಬ್ಬಕ್ಕೂ ಊರಿಗೆ ಹೋಗಲಾಗದವರಿಗೆ ಹೋಳಿಗೆಯೂ ಬೇಡವೆಂದರೆ ಹೇಗೆ? ತಿನ್ನುವುದಾದರೆ ಖುಷಿಯಿಂದ ತಿನ್ನಿ, ನಡಿಗೆಯ ಹೆಸರಿನಲ್ಲಿ ಬೇಡ.

ಈ ಸಂಖ್ಯೆ ಮಾಡುವ ಇನ್ನೊಂದು ಅನ್ಯಾಯವನ್ನು ಕಚೇರಿಯಲ್ಲಿ ಕಂಡೆ. ಆರೋಗ್ಯ ಮಾಸಾಚರಣೆಯೆಂದು ಯಾರು ಹೆಚ್ಚು ಕ್ಯಾಲೊರಿ ಸುಡುತ್ತಾರೋ ಅವರಿಗೆ ಗಿಫ್ಟ್ ವೋಚರ್ ಇಟ್ಟಿದ್ದರು. ಸೂತ್ರದಲ್ಲೇ ತೂಕ ಕೂತಿದೆಯಲ್ಲ? 90 ಕಿಲೊದ ಸಹೋದ್ಯೋಗಿ ಮತ್ತು 50 ಕಿಲೊದ ಸಹೋದ್ಯೋಗಿ ಜೊತೆಯಾಗಿಯೇ ಅಷ್ಟೇ ಹೊತ್ತು, ಅಷ್ಟೇ ವೇಗದಲ್ಲಿ ನಡೆದರೂ ಮೊದಲನೆಯವರ ಖಾತೆಗೆ ಹೆಚ್ಚುಕಡಿಮೆ ಇಮ್ಮಡಿ ಬೀಳುತ್ತದೆ. ನಮ್ಮ ತಂಡದ ಸಣ್ಣ ಮೈಕಟ್ಟಿನ ಹೆಣ್ಣುಮಗಳೊಬ್ಬಳು ಒಂದು ದಿನವೂ ತಪ್ಪಿಸದೆ ನಡೆದು ಪಟ್ಟಿಯ ಕೆಳಗೇ ಉಳಿದಳು. ಸ್ಪರ್ಧೆ ಇಡುವವರು ನಿಮಿಷಗಳಿಗೆ ಇಡಲಿ, ತಪ್ಪದೆ ನಡೆದ ದಿನಗಳಿಗೆ ಇಡಲಿ.

ಎಲ್ಲಕ್ಕಿಂತ ಹೆಚ್ಚು ಚಿಂತೆ ನನಗೆ ಅಮ್ಮನಂಥವರದು. ಧಾರವಾಡದಿಂದ ಬಂದು ನಮ್ಮ ಫ್ಲಾಟಿನಲ್ಲಿರುವ ಅಮ್ಮನಿಗೆ ಸಕ್ಕರೆ ಕಾಯಿಲೆಯಿದೆ, ಮೊಣಕಾಲು ನೋವಿದೆ. ಕೆಳಗೆ ಸೊಸೈಟಿಯ ಅಂಗಳದಲ್ಲಿ ಎಲ್ಲರದೂ ಮರಾಠಿ, ಹಿಂದಿ. ಮಾತು ಬಾರದೆ ಒಬ್ಬಳೇ ಸುತ್ತಲು ಅವಳಿಗೆ ಮನಸ್ಸಿಲ್ಲ. ಹೀಗಾಗಿ ಹಾಲ್‌ನಲ್ಲೇ ನಡೆಯುತ್ತಾಳೆ. ಅಣ್ಣ ಕೊಡಿಸಿದ ವಾಚು ಒಂದು ದಿನ 28 ಎಂದು ತೋರಿಸಿತು. 'ಅರ್ಧಾ ತಾಸು ನಡದ್ರ ಬರೇ ಇಪ್ಪತ್ತೆಂಟ? ಇದಕ್ಕಿಂತ ರೊಟ್ಟಿ ಬಡಿಯೂದ ಛಲೋ' ಎಂದಳು. ಎರಡು ದಿನ ನಡೆಯಲೇ ಇಲ್ಲ.

52 ಕಿಲೊ ತೂಕದ, ನಿಧಾನವಾಗಿ ನಡೆಯುವವರಿಗೆ ಆ ಸಂಖ್ಯೆ ಹೆಚ್ಚುಕಡಿಮೆ ಸರಿಯೇ. ಆದರೆ ಅವಳ ನಡಿಗೆಯ ಲಾಭ ಆ ಸಂಖ್ಯೆಯಲ್ಲಿ ಇರಲೇ ಇಲ್ಲ. ಊಟವಾದ ಮೇಲೆ ಸ್ವಲ್ಪ ಹೊತ್ತು ನಡೆದರೆ ಕಾಲಿನ ಸ್ನಾಯುಗಳು ರಕ್ತದಲ್ಲಿನ ಗ್ಲೂಕೋಸನ್ನು ಎಳೆದುಕೊಳ್ಳುತ್ತವೆ, ಊಟದ ನಂತರ ಸಕ್ಕರೆ ಏರುವುದು ತಗ್ಗುತ್ತದೆ. ಇದನ್ನು ಯಾವ ವಾಚಿನ ಕ್ಯಾಲೊರಿ ಖಾನೆಯೂ ತೋರಿಸುವುದಿಲ್ಲ. ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹ, ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿ ಎಂದು 2023ರಲ್ಲಿ ಐಸಿಎಂಆರ್–ಇಂಡಿಯಾಬ್ ಅಧ್ಯಯನ ಅಂದಾಜಿಸಿತು. ದಿನಕ್ಕೆ ಒಂಬತ್ತು–ಹತ್ತು ಗಂಟೆ ಕೂತು ಕೆಲಸ ಮಾಡುವ ನಾವೂ ಆ ಹೊಸ್ತಿಲಿಂದ ಬಹಳ ದೂರವೇನಿಲ್ಲ. ಒಂದು ಸಣ್ಣ ಸಂಖ್ಯೆ ಕಂಡು ಇಂಥವರು ನಡೆಯುವುದನ್ನೇ ಬಿಟ್ಟರೆ ಅದು ದುಬಾರಿ ಲೆಕ್ಕ.

ಹಾಗಾದರೆ ಏನನ್ನು ಎಣಿಸಬೇಕು? ನಿಮಿಷಗಳನ್ನು. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಒಂದೇ ಸಲಕ್ಕೆ ಕನಿಷ್ಠ 10 ನಿಮಿಷ ಆಗಲೇಬೇಕೆಂಬ ಹಳೆಯ ನಿಯಮವನ್ನೂ ಅದು ಕೈಬಿಟ್ಟಿದೆ. ಎರಡು ಮೀಟಿಂಗ್‌ಗಳ ನಡುವಿನ ಆರು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಮಧ್ಯಮ ವೇಗವೆಂದರೆ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಇದಕ್ಕೆ ವಾಚು ಬೇಕಿಲ್ಲ.

ವಾಚನ್ನು ಬಿಚ್ಚಿ ಎಸೆಯಬೇಕೆಂದೂ ಇಲ್ಲ. ಅದೇ ವಾಚು, ಅದೇ ಹಾಲ್, ಅದೇ ವ್ಯಕ್ತಿ ಎಂದಾದರೆ ಈ ವಾರಕ್ಕೂ ಹೋದ ವಾರಕ್ಕೂ ಹೋಲಿಸಲು ಅದು ಉಪಯೋಗಕ್ಕೆ ಬರುತ್ತದೆ. ಆದರೆ ಆ್ಯಪ್ ಕಟ್ಟುವ ನಮ್ಮ ಕಸುಬಿನವರಿಗೆ ಒಂದು ಕೋರಿಕೆ: 127 ಎಂದು ಬರೆಯುವ ಬದಲು '90ರಿಂದ 160' ಎಂದು ಬರೆಯಿರಿ. ಪರದೆ ಅಷ್ಟು ಚೆಂದ ಕಾಣದಿರಬಹುದು, ಆದರೆ ಹೇಳಿದ್ದು ನಿಜವಾಗಿರುತ್ತದೆ. ಹಾಗೆಯೇ ಅಪ್ಪ–ಅಮ್ಮ ಜೊತೆಗಿರುವವರು ಅವರ ವಾಚಿನಲ್ಲಿ ಕ್ಯಾಲೊರಿ ಖಾನೆಯನ್ನು ಮರೆಮಾಡಿ ನಿಮಿಷಗಳನ್ನಷ್ಟೇ ಕಾಣುವಂತೆ ಮಾಡಿಕೊಡಿ. ಎರಡು ನಿಮಿಷದ ಕೆಲಸ, ಇಂದೇ ಮಾಡಬಹುದು.