ಶಕ್ತಿಯ ಲೆಕ್ಕವೂ ಗುರುತ್ವದ ಅಲೆಯೂ

ಶಕ್ತಿಯು ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎಂಬ ಸೂತ್ರವನ್ನು ಶಿವಮೊಗ್ಗೆಯ ಯಾವ ಪ್ರೌಢಶಾಲೆಯ ವಿದ್ಯಾರ್ಥಿಯೂ ತಡವರಿಸದೆ ಒಪ್ಪಿಸಬಲ್ಲನು. ಆದರೆ ಆ ಶಕ್ತಿಯು ಇರುವುದೆಲ್ಲಿ ಎಂದು ಕೇಳಿದರೆ ಉತ್ತರ ಸುಲಭವಲ್ಲ. ಐನ್‌ಸ್ಟೈನರು 1915ರಲ್ಲಿ ರೂಪಿಸಿದ ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತದಲ್ಲಂತೂ ಈ ಪ್ರಶ್ನೆ ಘನ ವಿದ್ವಾಂಸರನ್ನೇ ದಶಕಗಳ ಕಾಲ ಕಾಡಿತು. ಇಂತಹ ಪ್ರಶ್ನೆಯನ್ನು ಶಾಲೆಯ ಬಾಗಿಲಲ್ಲೇ ತಡೆದು, ಸೂತ್ರವೊಂದನ್ನೇ ಒಳಗೆ ಬಿಡುವುದು ವಿದ್ಯೆಗೆ ಒಪ್ಪುವ ಕ್ರಮವಲ್ಲ.

ತಳದಲ್ಲಿ ತೂತಿರುವ ಡಬ್ಬಿಗೆ ನೀರು ತುಂಬಿ ಹಿಡಿದರೆ ನೀರು ಸುರಿಯುತ್ತದೆ. ಮಹಡಿಯಿಂದ ಕೈಬಿಟ್ಟರೆ, ಬೀಳುವಷ್ಟು ಹೊತ್ತು ಸುರಿಯುವುದು ನಿಲ್ಲುತ್ತದೆ. ಬೀಳುವ ವಸ್ತುವಿಗೆ ಭಾರದ ಅನುಭವವೇ ಇಲ್ಲ. ಹಾಗಿದ್ದ ಮೇಲೆ ಗುರುತ್ವದ ಶಕ್ತಿ ಈ ಬಿಂದುವಿನಲ್ಲಿ ಇಷ್ಟಿದೆಯೆಂದು ಬೊಟ್ಟುಮಾಡಿ ತೋರಿಸುವುದು ಹೇಗೆ? ಈ ತೊಡಕಿನಿಂದಾಗಿ, ಗುರುತ್ವದ ಅಲೆಗಳು ಶಕ್ತಿಯನ್ನು ಒಯ್ಯುವುವೇ ಎಂಬ ಸಂದೇಹ 1950ರ ದಶಕದವರೆಗೂ ಉಳಿದಿತ್ತು. 1962ರಲ್ಲಿ ಬಾಂಡಿ ಮೊದಲಾದವರು ಬಿಂದುಬಿಂದುವನ್ನು ಅಳೆಯುವುದನ್ನು ಬಿಟ್ಟು, ಬಹುದೂರದಿಂದ ಒಟ್ಟು ದ್ರವ್ಯರಾಶಿಯನ್ನು ಗಣಿಸುವ ದಾರಿಯನ್ನು ತೋರಿದರು. ಅಲೆ ಹೊರಟಷ್ಟೂ ಆ ರಾಶಿ ಕುಗ್ಗುತ್ತದೆ.

ಹೊರಗೆ ನಿಂತು ಲೆಕ್ಕ ಹಿಡಿಯುವ ಈ ಕ್ರಮ, 1923ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಬಲ್ಲವರಿಗೆ ಹೊಸತೆನಿಸದು. ಉರಿಯುವ ಊದುಕುಲುಮೆಯೊಳಕ್ಕೆ ತಕ್ಕಡಿ ಇಳಿಸಲಾಗದು. ಒಳಹೋದ ಅದಿರು, ಇದ್ದಿಲು, ಸುಣ್ಣಕಲ್ಲು, ಗಾಳಿ ಒಂದು ಕಡೆ; ಹೊರಬಂದ ಕಬ್ಬಿಣ, ಕಿಟ್ಟ, ಅನಿಲ ಇನ್ನೊಂದು ಕಡೆ. ಅನಿಲವನ್ನು ಮರೆತವನ ಲೆಕ್ಕ ಕೂಡುವುದಿಲ್ಲ. (ಹೋಲಿಕೆ ಇಷ್ಟಕ್ಕೇ ಸಾಕು, ಕುಲುಮೆಯ ಪದಾರ್ಥವಾದರೋ ಒಳಗೆ ಒಂದಲ್ಲ ಒಂದು ಎಡೆಯಲ್ಲಿ ಇದ್ದೇ ಇರುತ್ತದೆ.)

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ಯಂತ್ರಗಳಿಗೆ ದೊರೆತ ಅಲೆಯಲ್ಲಿ ಈ ಲೆಕ್ಕ ಪ್ರತ್ಯಕ್ಷವಾಯಿತು. ಪ್ರಕಟವಾದ ಮೊದಲ ಗಣನೆಯಂತೆ, ಸೂರ್ಯನ ಸುಮಾರು 36 ಮತ್ತು 29 ಪಟ್ಟು ರಾಶಿಯ ಎರಡು ಕಪ್ಪುಕುಳಿಗಳು ಕೂಡಿ 62 ಪಟ್ಟಿನ ಒಂದಾದುವು. ಮಿಕ್ಕ 3 ಸೂರ್ಯರಷ್ಟು ರಾಶಿ ಅಲೆಯಾಗಿ ಹೊರಟುಹೋಗಿತ್ತು. ಕದಡಿದ ಕಪ್ಪುಕುಳಿ, ಬಡಿದ ಗಂಟೆಯಂತೆ ಕಂಪಿಸಿ ಶಾಂತವಾಗುವುದೆಂದು 1970ರಲ್ಲೇ ಗಣಿತದಿಂದ ಕಂಡವರು ಬೆಂಗಳೂರಿನ ಸಿ. ವಿ. ವಿಶ್ವೇಶ್ವರ, ಕನ್ನಡ ಸಾಹಿತಿ ಸಿ. ಕೆ. ವೆಂಕಟರಾಮಯ್ಯನವರ ಪುತ್ರರು. ಭದ್ರಾವತಿಯ ಕಾರ್ಖಾನೆ ಯಾರ ಹೆಸರನ್ನು ಹೊತ್ತಿತೋ ಆ ವಿಶ್ವೇಶ್ವರಯ್ಯನವರನ್ನು ಇಲ್ಲಿಯ ಮಕ್ಕಳು ಬಲ್ಲರು. ಈ ವಿಶ್ವೇಶ್ವರರ ಹೆಸರನ್ನು ಎಷ್ಟು ಮಂದಿ ಕೇಳಿದ್ದಾರೆ?

ಇದೆಲ್ಲ ವಿಶ್ವವಿದ್ಯಾಲಯದ ಸರಕು, ಅದೂ ಇಂಗ್ಲಿಷಿನಲ್ಲಿ ಮಾತ್ರ ಹೇಳತಕ್ಕದ್ದು ಎಂಬ ಆಕ್ಷೇಪಣೆಯಲ್ಲಿ ಹುರುಳಿಲ್ಲ. ಕೊಠಡಿಗಳಿಗೆ ಧಾರಾಳವಾಗಿ ಕೊಟ್ಟ ದಾನಿಗಳು ಅದರ ಒಂದಂಶವನ್ನು ಕನ್ನಡದಲ್ಲಿ ಇಂತಹ ಪಾಠಗಳನ್ನು ಬರೆಯಿಸಲು ಕೊಡಲಿ. ವಿಜ್ಞಾನದ ಅಧ್ಯಾಪಕರು ವಿಷಯವನ್ನೂ ಕನ್ನಡದ ಅಧ್ಯಾಪಕರು ಭಾಷೆಯನ್ನೂ ತಿದ್ದಲಿ. ಮೊದಲ ಪಾಠ ಆ ತೂತುಡಬ್ಬಿಯದಾದರೆ ಖರ್ಚಿನ ಮಾತೂ ಬಾರದು.